ಮಗನ ದಿಬ್ಬಣಕ್ಕೆ ಒಂದು ಆಯಿಲ್ ಫಿಲ್ಟರ್

ನಮ್ಮ ಶೆಡ್ಡಿನಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ಬಾನೆಟ್ ತೆರೆದುಕೊಂಡೇ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಿದವನು ನನ್ನ ಮಗ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಜ್ವರವೆಂದು ಮಲಗಿದ, ಮಣಿಪಾಲದ ಆಸ್ಪತ್ರೆ ಸೇರಿದ, ವಾಪಸು ಬರಲಿಲ್ಲ. ಎಂಜಿನ್ನಿನಿಂದ ಬಿಚ್ಚಿದ ಆಯಿಲ್ ಫಿಲ್ಟರಿನ ಕಬ್ಬಿಣದ ಬಟ್ಟಲು, ಅದರ ಸ್ಪ್ರಿಂಗು, ವಾಶರು, ಹಳೆಯ ರಬ್ಬರ್ ಸೀಲು, ಉದ್ದನೆಯ ಬೋಲ್ಟು ಎಲ್ಲವೂ ನನ್ನ ಅಡುಗೆಮನೆಯಿಂದ ಹೇಳದೆ ಕೇಳದೆ ಒಯ್ದ ಸ್ಟೀಲ್ ತಟ್ಟೆಯಲ್ಲಿದ್ದವು. ಪಕ್ಕದಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳು, ಮೂರರಲ್ಲೂ ಒಂದೊಂದು ಹೊಸ ಫಿಲ್ಟರು. ಈ ಎಂಜಿನ್ನಿಗೆ ಯಾವುದು ಸರಿ ಎಂದು ಅವನಿಗೆ ತೀರ್ಮಾನಿಸಲು ಆಗಿರಲಿಲ್ಲ. ಆ ತೀರ್ಮಾನ ಕೊನೆಗೆ ನನ್ನ ತಲೆಯ ಮೇಲೆ ಬಂತು.

ನಾನು ಕಾಪುವಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸ್ಕೂಟರು ಬಿಟ್ಟರೆ ಬೇರೆ ವಾಹನ ಮುಟ್ಟಿದವಳಲ್ಲ. ಎಂಜಿನ್ನಿನ ನಾಲ್ಕು ಹಂತಗಳನ್ನು ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ಬರೆಯಬಲ್ಲೆ. ನಿಜವಾದ ಎಂಜಿನ್ನಿನ ಮುಂದೆ ನಿಲ್ಲಿಸಿದರೆ ಎಣ್ಣೆ ಎಲ್ಲಿ ಹೊಯ್ಯುವುದೆಂದೂ ಗೊತ್ತಿರಲಿಲ್ಲ. ಮಗ ಇದನ್ನು ಹೇಳಿ ಹೇಳಿ ನಗುತ್ತಿದ್ದ.

ಆ ಕಾರು ಅವನಿಗೆ ಸಿಕ್ಕಿದ್ದು ಶಿರ್ವದ ಒಂದು ದೊಡ್ಡ ಮನೆಯಲ್ಲಿ. ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆ. ಅಂಗಳದಲ್ಲಿ ಹೊಸ ಕಾರುಗಳು ಸಾಲಾಗಿದ್ದರೆ ಹಿತ್ತಿಲಿನ ಹಲಸಿನ ಮರದಡಿ ಇದು ಚಪ್ಪಟೆಯಾದ ಟಯರುಗಳ ಮೇಲೆ ಕೂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ನನ್ನ ಮಗ ಅದನ್ನು ಲಾರಿಗೆ ಕಟ್ಟಿಸಿಕೊಂಡು ತಂದ ದಿನ ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಅವನ ಪದವಿಯ ದಿನವೂ ಕಂಡಿರಲಿಲ್ಲ. ಮಣಿಪಾಲದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಭಾನುವಾರ ಮಾತ್ರ ಶೆಡ್ಡಿನಲ್ಲಿ ಬೇರೆಯೇ ಮನುಷ್ಯ.

"ಅಮ್ಮ, ನನ್ನ ದಿಬ್ಬಣ ಹೋಗುವುದು ಇದರಲ್ಲೇ. ಹುಡುಗಿ ನೋಡುವುದು ನಿಮ್ಮ ಕೆಲಸ, ಕಾರು ನನ್ನ ಕೆಲಸ" ಎನ್ನುತ್ತಿದ್ದ.

"ಯಾವ ಹುಡುಗಿ ಈ ತಗಡಿನಲ್ಲಿ ಕೂತ್ಕೊಳ್ತಾಳೆ ಮಾರಾಯ? ನೀನು ಒಬ್ಬನೇ ಹೋಗಿ ಒಬ್ಬನೇ ಬಾ" ಎಂದು ನಾನು.

ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವನ ದನಿ ಸ್ವಲ್ಪ ದೂರವಾದ ಹಾಗೆ ಅನ್ನಿಸುತ್ತದೆ. ಏನು ಮಾಡಲಿ, ನನಗೆ ಬರೆಯಲು ಬರುವುದು ಕನ್ನಡ ಮಾತ್ರ.

ಎಂಜಿನ್ನನ್ನು ಅವನು ಪೂರ್ತಿ ಬಿಚ್ಚಿ ಹೊಸದು ಮಾಡಿದ. ಅದು ನಿಂತಲ್ಲೇ ಶುರುವಾಗಿ ಓಡಿತು ಕೂಡ. ಆದರೆ ಆಯಿಲ್ ಫಿಲ್ಟರ್ ಮಾತ್ರ ಸೋರಿತು. ಈಗಿನ ಕಾರುಗಳ ಫಿಲ್ಟರು ಡಬ್ಬಿಯ ಹಾಗೆ, ಹಳೆಯದನ್ನು ತಿರುಪಿ ತೆಗೆದು ಹೊಸದನ್ನು ತಿರುಪಿ ಹಾಕಿದರೆ ಮುಗಿಯಿತು. ಈ ಹಳೆಯ ಎಂಜಿನ್ನಿನಲ್ಲಿ ಹಾಗಲ್ಲ. ಎಂಜಿನ್ನಿನ ಪಕ್ಕದಲ್ಲಿ ಕೆಳಮುಖವಾದ ಒಂದು ಮುಚ್ಚಳ ಉಂಟು. ಅದಕ್ಕೆ ಅಡಿಯಿಂದ ಒಂದು ಬಟ್ಟಲನ್ನು ಬೋಲ್ಟಿನಲ್ಲಿ ಬಿಗಿಯಬೇಕು, ಆ ಬಟ್ಟಲೊಳಗೆ ಕಾಗದದ ಮಡಿಕೆಗಳ ಫಿಲ್ಟರು ಕೂರಬೇಕು. ಫಿಲ್ಟರು ಎತ್ತರವಾದರೆ ಬಟ್ಟಲು ಸರಿಯಾಗಿ ಕಚ್ಚುವುದಿಲ್ಲ, ಸೋರುತ್ತದೆ. ಗಿಡ್ಡವಾದರೆ ಎಣ್ಣೆ ಅದರ ಪಕ್ಕದಿಂದಲೇ ಸೋಸದೆ ಹಾದುಹೋಗುತ್ತದೆ, ಹರಿದ ಜರಡಿಯಲ್ಲಿ ಚಾ ಸೋಸಿದ ಹಾಗೆ. ಮಗ ಮೊದಲು ಹಾಕಿದ್ದು ಸೋರಿತು. ಎತ್ತರ ಹೆಚ್ಚಾಯಿತೆಂದು ಸ್ವಲ್ಪ ಗಿಡ್ಡದ್ದನ್ನು ತರಿಸಿದ, ಅದೂ ಸೋರಿತು. ಇನ್ನೊಂದು ತರಿಸಿದ. ಪ್ರತಿ ಸಲವೂ ನೆಲದ ಮೇಲೆ ಗೋಣಿ ಹಾಸಿಕೊಂಡು ಕಾರಿನಡಿ ಬೆನ್ನ ಮೇಲೆ ಮಲಗಬೇಕು. ಆಗ ಮಳೆಗಾಲ. ಶೆಡ್ಡಿನೊಳಗೆ ನೀರು ಬರುತ್ತಿತ್ತು. ಬೆರಳುಗಳಲ್ಲಿ ಯಾವಾಗಲೂ ಗಾಯ.

ಬಂದದ್ದು ಇಲಿಜ್ವರ. ಮಳೆಗಾಲದಲ್ಲಿ ನಮ್ಮ ಕಡೆ ಪ್ರತಿ ವರ್ಷ ಕೇಳುವ ಹೆಸರು. ಇಲಿಯ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದರೆ ಸಾಕು ಎಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅವನು ಮೈಕೈ ನೋವೆಂದಾಗ "ಆ ಕಾರಿನಡಿ ಬಿದ್ದುಕೊಂಡರೆ ಇನ್ನೇನಾಗ್ತದೆ, ಗಂಜಿ ಕುಡಿದು ಮಲಗು" ಎಂದೆ. ಕಣ್ಣು ಹಳದಿಯಾದ ಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಡಾಕ್ಟರರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆ ನೀರು ಶೆಡ್ಡಿನದ್ದೋ, ಗದ್ದೆಯದ್ದೋ, ಬಸ್‌ಸ್ಟ್ಯಾಂಡಿನ ಕೆಸರಿನದ್ದೋ ಎಂದು ಯಾರೂ ಹೇಳಲಾರರು. ವಿಜ್ಞಾನ ಓದಿದವಳಿಗೆ ಇದು ಗೊತ್ತು. ನನ್ನ ಗಂಡನಿಗೆ ಇದು ಬೇಡ. ಅವರಿಗೆ ಕಾರೇ ಮಗನನ್ನು ತಿಂದದ್ದು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ದಿನ ಅವರು ಶೆಡ್ಡಿನ ಬಾಗಿಲು ಎಳೆದು ಚಿಲಕ ಹಾಕಿದರು. ಆಮೇಲೆ ಅತ್ತ ತಲೆ ಹಾಕಲಿಲ್ಲ.

ವರ್ಷಗಳು ಕಳೆದವು. ನಮ್ಮ ಮಗಳಿಗೆ, ಅವನ ತಂಗಿಗೆ, ಗಂಡು ನೋಡಲು ಶುರು ಮಾಡಿದೆವು. ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ತಿರುಗಿ ಹೋದವು. ನನ್ನ ನಾದಿನಿ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿ ಬಂದಳು. ಅವಳಿಗಿಂತ ಮೇಲಿನವನಿಗೆ ಮದುವೆಯಾಗಿಲ್ಲ, ಅವನು ಬಾಗಿಲಲ್ಲೇ ನಿಂತಿದ್ದಾನೆ, ಮೊದಲು ಅವನದ್ದು ಮಾಡಿಸಿ ಎಂದರಂತೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಮದುವೆಯಾಗದೆ ಸತ್ತವರಿಗೆ ಆಷಾಢದ ಹೊತ್ತಿನ, ಬೇರೆ ಶುಭಕಾರ್ಯ ನಡೆಯದ ಆಟಿ ತಿಂಗಳಲ್ಲಿ ಮದುವೆ ಮಾಡುವುದುಂಟು. ಸತ್ತವರು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ, ಅಲ್ಲಿಯೂ ಬೆಳೆಯುತ್ತಾರೆ ಎಂದು ನಂಬಿಕೆ. ಹಾಗೆಯೇ ಸತ್ತ ಒಬ್ಬ ಹುಡುಗಿಯನ್ನು ಹುಡುಕಿ, ಅವಳ ಮನೆಯವರೊಡನೆ ಮಾತಾಡಿ, ನಿಶ್ಚಯ, ಧಾರೆ, ಊಟ, ದಿಬ್ಬಣ ಎಲ್ಲವೂ ನಿಜವಾದ ಮದುವೆಯ ಹಾಗೆಯೇ. ವಧೂವರರ ಜಾಗದಲ್ಲಿ ಸೀರೆ ಮತ್ತು ಮುಂಡು. ಮದುವೆಯಾಗದವರು ಇದನ್ನು ನೋಡಬಾರದು. ನಾನು ತರಗತಿಯಲ್ಲಿ ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಮೇಜು ಕುಟ್ಟಿ ಹೇಳಿದವಳು. ಮಗಳು ಅದನ್ನೇ ನೆನಪಿಸಿದಳು. "ನನ್ನ ಮದುವೆ ಆಗದಿದ್ದರೆ ಅಣ್ಣನ ತಲೆಗೆ ಕಟ್ಟಬೇಡಿ. ನನಗೆ ಬಂದ ಗಂಡುಗಳೇ ಸರಿ ಇರಲಿಲ್ಲ, ಅಷ್ಟೆ" ಎಂದಳು. ಅವಳು ಹೇಳಿದ್ದು ಸರಿ. ಆದರೂ ನಾನು ಒಪ್ಪಿದೆ. ಮಗಳಿಗಾಗಿ ಒಪ್ಪಿದೆ ಎಂದು ಎಲ್ಲರೂ ತಿಳಿದುಕೊಂಡರು, ನಾನೂ ತಿದ್ದಲಿಲ್ಲ. ನಿಜ ಹೇಳಬೇಕೆಂದರೆ, ಮಗನಿಗಾಗಿ ಏನಾದರೂ ಮಾಡುವ ಕೆಲಸ ಮತ್ತೆ ಸಿಕ್ಕಿತಲ್ಲ ಎಂಬ ಆಸೆ.

ಹುಡುಗಿ ಕಾರ್ಕಳದವಳು. ಒಂದನೆಯ ತರಗತಿಯಲ್ಲಿದ್ದಾಗ ಹೃದಯದ ತೊಂದರೆಯಿಂದ ತೀರಿಕೊಂಡವಳು. ಬದುಕಿದ್ದರೆ ಮಗನಿಗಿಂತ ಸ್ವಲ್ಪ ಕಿರಿಯಳು. ನಿಶ್ಚಯಕ್ಕೆ ಹೋದಾಗ ಅವಳ ತಾಯಿ ನಮಗೆ ಪಾಯಸ ಬಡಿಸಿ ಹುಡುಗ ಎಷ್ಟು ಓದಿದ್ದ, ಕೋಪಿಷ್ಠನಾ, ಮೀನು ತಿನ್ನುತ್ತಾನಾ ಎಂದೆಲ್ಲ ವಿಚಾರಿಸಿದರು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ದಿಬ್ಬಣ ಹೇಗೆ ಬರುತ್ತದೆ ಎಂದು ಕೇಳಿದಾಗ ಬಾಯಿಗೆ ಬಂದದ್ದು, "ಅವನದ್ದೇ ಕಾರು ಉಂಟು, ಅದರಲ್ಲಿ ಬರ್ತೇವೆ."

ಪಕ್ಕದಲ್ಲಿದ್ದ ನನ್ನ ಗಂಡ ಪಾಯಸದ ಲೋಟವನ್ನು ಕೆಳಗಿಟ್ಟರು. ಮನೆಗೆ ಬಂದ ಮೇಲೆ ಹೇಳಿದರು:

"ಅವನನ್ನು ತಿಂದ ಕಾರಿನಲ್ಲಿ ಅವನ ದಿಬ್ಬಣವಾ? ನಿನಗೆ ತಲೆ ಸರಿ ಉಂಟಾ?"

"ಅವನು ಕೇಳಿದ್ದು ಅದೊಂದೇ ಅಲ್ವಾ?"

"ಅದು ಓಡುವುದಿಲ್ಲ. ಅದು ಗುಜರಿ. ಓಡುವಂಥದ್ದಾಗಿದ್ದರೆ ಅವನೇ ಓಡಿಸ್ತಿದ್ದ."

ಈ ಕೊನೆಯ ಮಾತು ನನಗೆ ನಾಟಿತು. ಎಂದೂ ಓಡದ ಒಂದು ಗುಜರಿಗಾಗಿ ಮಗ ತನ್ನನ್ನು ಕಳೆದುಕೊಂಡ ಎಂದಾದರೆ ಅವನೊಬ್ಬ ಪೆದ್ದನಾಗುತ್ತಾನೆ. ನನ್ನ ಮಗ ಪೆದ್ದನಾಗಿರಲಿಲ್ಲ. ಆಟಿ ಮುಗಿಯುವುದರೊಳಗೆ ಕಾರು ಓಡಬೇಕು ಎಂದು ಹಟ ಹಿಡಿದೆ.

ಮೂರು ಫಿಲ್ಟರುಗಳನ್ನೂ ಆ ಬಟ್ಟಲನ್ನೂ ಒಂದು ಸಂತೆಚೀಲದಲ್ಲಿ ತುಂಬಿಕೊಂಡು ಉಡುಪಿಯ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೌಂಟರಿನ ಯುವಕ ಕಾರಿನ ನಂಬರು ಹೇಳಿ ಮೇಡಂ ಎಂದ. ಹೇಳಿದೆ. ಕಂಪ್ಯೂಟರಿನಲ್ಲಿ ಒತ್ತಿ, "ಇಂಥ ಕಾರು ಇಲ್ಲ" ಎಂದ. "ಇಲ್ಲದಿದ್ದರೆ ನನ್ನ ಶೆಡ್ಡಿನಲ್ಲಿ ನಿಂತಿರುವುದು ಎಂತದ್ದು?" ಎಂದು ಕೇಳಿದೆ. ಅವನು ನಕ್ಕು ಮುಂದಿನ ಗಿರಾಕಿಯನ್ನು ಕರೆದ. ಮತ್ತೊಂದು ಅಂಗಡಿಯವರಿಗೆ ವಯಸ್ಸಾಗಿತ್ತು. ಫಿಲ್ಟರುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಒಂದು ಡೀಸೆಲ್ ಎಂಜಿನ್ನಿನದ್ದು, ಉಳಿದೆರಡರಲ್ಲಿ ಯಾವುದೂ ಆಗಬಹುದು, ಆಗದೆಯೂ ಇರಬಹುದು ಎಂದರು. ಅಂದರೆ ಮಗ ಬಿಟ್ಟಲ್ಲಿಗೇ ನಾನೂ ಬಂದು ನಿಂತಿದ್ದೆ.

ಯಾರೋ ಮಲ್ಪೆಗೆ ಹೋಗಿ ನೋಡಿ ಎಂದರು. ಬೋಟಿನ ಎಂಜಿನ್ನುಗಳಿಗೆ ಇಂಥ ಬಟ್ಟಲಿನ ಫಿಲ್ಟರುಗಳೇ ಇರುತ್ತವಂತೆ. ಮಲ್ಪೆಯಲ್ಲಿ ಆಗ ಮೀನುಗಾರಿಕೆಗೆ ಮಳೆಗಾಲದ ರಜೆ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿಹಾಕಿದ್ದವು, ಬಲೆ ಹೆಣೆಯುವವರು ಟಾರ್ಪಾಲಿನಡಿ ಕೂತಿದ್ದರು. ಅಂಗಡಿಯವರು ಮೊಣಕೈ ಉದ್ದದ ಒಂದು ಫಿಲ್ಟರನ್ನು ತಂದು ಮೇಜಿನ ಮೇಲಿಟ್ಟರು.

"ಇದು ಆಗ್ತದಾ ನೋಡಿ ಅಮ್ಮ."

"ಇದನ್ನು ಹಾಕಿದರೆ ಕಾರೇ ಇದರೊಳಗೆ ಹೋಗ್ಬೇಕಷ್ಟೆ" ಎಂದೆ. ಅವರೂ ನಕ್ಕರು, ನಾನೂ ನಕ್ಕೆ. ಬೇರೆಯವರ ಜೊತೆ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಯಾವ ಕಾರು, ಯಾರದು ಎಂದು ಅವರು ಕೇಳಿದರು. ಮಗನದ್ದು, ಅವನ ದಿಬ್ಬಣಕ್ಕೆ ಎಂದೆ. "ಹೋ, ಶುಭಕಾರ್ಯ! ಆಟಿಯಲ್ಲಿ..." ಎಂದು ಹೊರಟ ಅವರ ಮಾತು ಅಲ್ಲಿಗೇ ನಿಂತಿತು. ಆಟಿಯಲ್ಲಿ ಯಾರ ದಿಬ್ಬಣ ಹೊರಡುತ್ತದೆ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ನನ್ನ ಬಟ್ಟಲನ್ನು ಬಟ್ಟೆಯಿಂದ ಒರೆಸಿ, ಚೀಲದೊಳಗೆ ಜೋಪಾನವಾಗಿ ಇಟ್ಟುಕೊಟ್ಟರು.

ಮೆಕ್ಯಾನಿಕ್ಕಿನ ಸುಳಿವು ಕೊಟ್ಟದ್ದು ಹುಡುಗಿಯ ತಾಯಿ. ಕಾರ್ಕಳದ ಪೇಟೆಯಾಚೆ ಹಳೆಯ ಕಾರುಗಳನ್ನು ಮದುವೆಗೆ ಬಾಡಿಗೆ ಕೊಡುವವರಿದ್ದಾರೆ, ಅವರ ಕಾರು ರಿಪೇರಿ ಮಾಡುವ ಒಬ್ಬರನ್ನು ಕಳಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದರು. ಆ ಮನುಷ್ಯ ಒಂದು ಬೆಳಿಗ್ಗೆ ಮಳೆಯಂಗಿ ತೊಟ್ಟು ಬೈಕಿನಲ್ಲಿ ಬಂದರು. ಮುಂಗೋಪಿ, ಮಾತುಗಾರ, ಬಂದ ಕೂಡಲೇ ಚಾ ಕೇಳುವ ಪೈಕಿ. ಶೆಡ್ಡಿನ ಚಿಲಕ ನಾನೇ ತೆಗೆದೆ. ನನ್ನ ಗಂಡ ಪೇಪರ್ ಹಿಡಿದು ಜಗಲಿಯಲ್ಲೇ ಕೂತಿದ್ದರು.

ಮೆಕ್ಯಾನಿಕ್ ಎಂಜಿನ್ನನ್ನು ನೋಡಿ, "ಕೆಲಸ ಮಾಡಿದವರು ಯಾರು? ಚೆಂದ ಮಾಡಿದ್ದಾರೆ" ಎಂದರು. ಆಮೇಲೆ ಚೀಲದಿಂದ ಒಂದು ಹೊಸ ಮುಚ್ಚಳ ತೆಗೆದು, ಇದನ್ನು ಕೂರಿಸಿದರೆ ಈಗಿನ ಕಾರಿನ ಡಬ್ಬಿ ಫಿಲ್ಟರನ್ನೇ ತಿರುಪಿ ಹಾಕಬಹುದು, ಈ ಬಟ್ಟಲಿನ ರಗಳೆಯೇ ಬೇಡ ಎಂದರು.

"ಬೇಡ. ಇದ್ದದ್ದನ್ನೇ ಹಾಕಿ" ಎಂದೆ.

"ಟೀಚರ್, ಎಲ್ಲರೂ ಈಗ ಇದನ್ನೇ ಹಾಕುವುದು. ಎಂಜಿನ್ನಿಗೂ ಒಳ್ಳೆಯದು."

"ಎಂಜಿನ್ನಿಗೆ ಒಳ್ಳೆಯದಿರಬಹುದು. ಅವನು ಕಾರು ಮೊದಲಿದ್ದ ಹಾಗೇ ಇರಬೇಕು ಅಂತ ಹಟ ಮಾಡಿದವ. ಬೇಕಾದರೆ ಅವನೂ ಇದನ್ನು ತರಿಸಬಹುದಿತ್ತು."

"ಮತ್ತೆ ಸೋರಿದರೆ ನನ್ನನ್ನು ಬೈಬೇಡಿ."

"ಬೈಯದೇ ಇರುವುದು ನನಗೆ ಅಭ್ಯಾಸ ಇಲ್ಲ. ನೀವು ಮೊದಲು ಹಾಕಿ."

ಅವರು ಗೊಣಗುತ್ತ ಸ್ಪ್ರಿಂಗು, ವಾಶರು ಎಲ್ಲವನ್ನೂ ಬಟ್ಟಲಿನಲ್ಲಿ ಜೋಡಿಸಿ, ಮೂರು ಫಿಲ್ಟರುಗಳನ್ನೂ ಒಂದೊಂದಾಗಿ ಇಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಡೀಸೆಲ್ಲಿನದ್ದು ಗಿಡ್ಡ, ಸ್ಪ್ರಿಂಗಿಗೆ ಒತ್ತಡವೇ ಇಲ್ಲ. ಉಳಿದೆರಡರಲ್ಲಿ ಒಂದು, ಬಟ್ಟಲಿನ ಅಂಚಿಗಿಂತ ಬಹಳ ಮೇಲೆ. ಇನ್ನೊಂದು ಒತ್ತಿದಾಗ ಮೆಲ್ಲಗೆ ಕೆಳಗಿಳಿದು, ಬಿಟ್ಟಾಗ ಮೆಲ್ಲಗೆ ಮೇಲೆ ಬಂತು. "ಇದೇ ಸರಿಯಾದ್ದು" ಎಂದರು. ಆ ಫಿಲ್ಟರಿನ ಪೆಟ್ಟಿಗೆಯೇ ಎಲ್ಲಕ್ಕಿಂತ ಹಳೆಯದಾಗಿ, ಮೂಲೆ ಹರಿದು ಇತ್ತು. ಮಗ ಮೊಟ್ಟಮೊದಲು ತರಿಸಿ, ಸೋರಿತೆಂದು ಬದಿಗಿಟ್ಟದ್ದು ಅದನ್ನೇ.

ಮುಚ್ಚಳದ ಸುತ್ತಿನ ಸಣ್ಣ ಕಾಲುವೆಯಂಥ ತೋಡಿಗೆ ಹೊಸ ರಬ್ಬರ್ ಸೀಲ್ ಒತ್ತಿ, ಬಟ್ಟಲನ್ನು ಬಿಗಿದು, ಹೊಸ ಎಣ್ಣೆ ಹೊಯ್ದು, ತಾವೇ ತಂದ ಬ್ಯಾಟರಿ ಕಟ್ಟಿ ಕೀ ತಿರುಗಿಸಿದರು. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಹಿಡಿಯಿತು. ಜಗಲಿಯಲ್ಲಿ ಪೇಪರು ಮಡಚುವ ಸದ್ದು ಕೇಳಿಸಿತು. ಅಷ್ಟರಲ್ಲಿ ಕಾರಿನಡಿಯಿಂದ ಎಣ್ಣೆ ತೊಟ್ಟಿಕ್ಕಿತು, ಮೊದಲು ಹನಿ, ಆಮೇಲೆ ಧಾರೆ. ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿದರು.

"ನಾನು ಹೇಳಿದೆನಲ್ಲ..." ಎಂದು ಶುರು ಮಾಡಿದವರು ಅರ್ಧದಲ್ಲಿ ನಿಂತರು. ಮತ್ತೆ ಕಾರಿನಡಿ ಹೋಗಿ ಬಟ್ಟಲು ಬಿಚ್ಚಿದರು. ಆ ಮುಚ್ಚಳ ಕೆಳಮುಖವಾಗಿರುವುದರಿಂದ ಅದರ ತೋಡು ಮೇಲಿನಿಂದ ಕಾಣುವುದಿಲ್ಲ, ಕೆಳಗಿನಿಂದಲೂ ಕತ್ತಲೆ. ಅವರು ಬೆರಳಿನಿಂದ ಸುತ್ತಲೂ ಸವರುತ್ತಿದ್ದರು.

"ಟೀಚರ್, ಒಂದು ಪಿನ್ ಉಂಟಾ?"

ನನ್ನ ಬಳೆಯಲ್ಲಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟೆ. ಏನೋ ಕೆರೆಯುವ ಸದ್ದು. ಆಮೇಲೆ ಅವರು ಹೊರಗೆ ಬಂದು ಅಂಗೈಯಲ್ಲಿದ್ದುದನ್ನು ನನ್ನ ಕೈಗೆ ಹಾಕಿದರು. ಕರಿಯ, ಒಣಗಿದ ಕೊಕಮ್ ಸಿಪ್ಪೆಯ ಹಾಗಿನ ತುಂಡುಗಳು.

"ಹಳೆ ಸೀಲ್. ತೋಡಿನಲ್ಲಿ ಕೂತು ಕಬ್ಬಿಣದ ಹಾಗೇ ಆಗಿದೆ. ಇದರ ಮೇಲೆ ಹೊಸದನ್ನು ಎಷ್ಟು ಸಲ ಹಾಕಿದರೂ, ಯಾವ ಫಿಲ್ಟರ್ ಹಾಕಿದರೂ ಸೋರ್ತದೆ."

"ಅವನು ಹಳೆ ಸೀಲ್ ತೆಗೆದಿದ್ದ. ತೆಗೆದದ್ದು ನನಗೆ ಗೊತ್ತುಂಟು. ತಟ್ಟೆಯಲ್ಲಿ ನೋಡಿ, ಇಲ್ಲೇ ಉಂಟು."

ಅವರು ತಟ್ಟೆಯಲ್ಲಿದ್ದುದನ್ನು ಎತ್ತಿ ನೋಡಿದರು. "ತೆಗೆದಿದ್ದಾರೆ. ಅದರಡಿಯಲ್ಲಿ ಇನ್ನೊಂದು ಇತ್ತು. ಮೊದಲಿನವರ ಹತ್ರ ಓಡ್ತಿದ್ದಾಗಲೇ ಯಾರೋ ಒಂದರ ಮೇಲೆ ಒಂದು ಹಾಕಿದ್ದಾರೆ. ಒಂದು ಕೈಗೆ ಬಂದ ಮೇಲೆ ಮತ್ತೊಂದು ಇರಬಹುದು ಅಂತ ಯಾರು ನೋಡ್ತಾರೆ? ನಾನು ನೋಡಿದೆನಾ ಈಗ? ನಾನೂ ಅದರ ಮೇಲೆಯೇ ಹಾಕಿದ್ದಲ್ವಾ?"

ಅವರು ಅದನ್ನು ಸಮಾಧಾನಕ್ಕೆಂದೇ ಹೇಳಿದರು. ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಹೆಸರೂ ಮುಖವೂ ಗೊತ್ತಿಲ್ಲದ ಯಾವನೋ ಯಾವತ್ತೋ ಅವಸರದಲ್ಲಿ ಮಾಡಿದ ಕೆಲಸ. ಮಗ ತಂದ ಮೊದಲ ಫಿಲ್ಟರೇ ಸರಿ ಇತ್ತು. ಆ ಮೊದಲ ಭಾನುವಾರವೇ ಒಂದು ಪಿನ್ನು ಹಾಕಿ ಕೆರೆದಿದ್ದರೆ ಮುಗಿಯುತ್ತಿತ್ತು. ಅವನು ಮತ್ತೆ ಮತ್ತೆ ಆ ನೀರಿನಲ್ಲಿ ಮಲಗಬೇಕಾಗಿರಲಿಲ್ಲ. "ಬೆರಳು ಹಾಕಿ ಒಮ್ಮೆ ನೋಡಬಾರದಿತ್ತಾ ಮಗಾ? ನನ್ನನ್ನು ಒಂದು ಪಿನ್ ಕೇಳಬಾರದಿತ್ತಾ? ತಟ್ಟೆ ಮಾತ್ರ ಕೇಳದೆ ತೆಗೊಂಡು ಹೋಗ್ತಿ" ಎಂದು ಜೋರಾಗಿಯೇ ಬೈದೆ. ಮೆಕ್ಯಾನಿಕ್ ಮುಖ ತಿರುಗಿಸಿಕೊಂಡು ಸ್ಪ್ಯಾನರು ಒರೆಸಿದರು. ಅಲ್ಲಿಯೇ ಕಾರಿನ ಬಾಗಿಲಿಗೆ ತಲೆಯಿಟ್ಟು ಅತ್ತೆ. ಅವನು ಹೋದ ದಿನ ನಾನು ಹೀಗೆ ಅತ್ತಿರಲಿಲ್ಲ.

ಹಿಂದಿನಿಂದ ಯಾರೋ ನನ್ನ ಕೈ ಬಿಡಿಸಿ ಆ ತುಂಡುಗಳನ್ನು ತೆಗೆದುಕೊಂಡರು. ನನ್ನ ಗಂಡ. ಅವರು ಶೆಡ್ಡಿನೊಳಗೆ ಬಂದದ್ದು ನನಗೆ ಗೊತ್ತಾಗಿರಲಿಲ್ಲ.

"ಇಷ್ಟೇಯಾ?" ಎಂದು ಮೆಕ್ಯಾನಿಕ್ಕನ್ನು ಕೇಳಿದರು.

"ಇಷ್ಟೇ. ಎಂಜಿನ್ನಿಗೆ ಬೇರೆ ಎಂತದೂ ತೊಂದರೆ ಇಲ್ಲ. ನಿಮ್ಮ ಮಗ ಮಾಡಿದ್ದೆಲ್ಲ ಸರಿ ಉಂಟು."

ಹೊಸ ಸೀಲು ಹಾಕಿ, ಅದೇ ಫಿಲ್ಟರು ಕೂರಿಸಿ, ಎಂಜಿನ್ ಶುರು ಮಾಡಿ, ಕೆಳಗೆ ಪೇಪರು ಹಾಸಿ ಕಾದೆವು. ಒಂದು ಹನಿಯೂ ಬೀಳಲಿಲ್ಲ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎದ್ದು ನಿಂತಿತು. ನನ್ನ ಗಂಡ ಆ ಮುಳ್ಳನ್ನೇ ನೋಡುತ್ತಿದ್ದರು. ಮೆಕ್ಯಾನಿಕ್ ಹೋದ ಮೇಲೂ ಎಂಜಿನ್ ನಿಲ್ಲಿಸಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವರು ಬಕೆಟ್ಟಿನಲ್ಲಿ ನೀರು ಹಿಡಿದು ಹಿಂದಿನ ಸೀಟನ್ನು ತಿಕ್ಕುತ್ತಿದ್ದರು.

"ಮದುವೆಯಾದವರೇ ಓಡಿಸಬೇಕಲ್ವಾ? ಬೇರೆ ಯಾರು ಬರ್ತಾರೆ?" ಎಂದರು, ನಾನು ಏನೂ ಕೇಳದಿದ್ದರೂ.

ಮದುವೆಯ ದಿನ ಮಗಳು ಕಾರಿಗೆ ಮಲ್ಲಿಗೆಯ ಮಾಲೆ ಕಟ್ಟಿದಳು. ಅವಳು ಬರುವಂತಿರಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು, "ಅಣ್ಣನಿಗೆ ಕಡೆಗೂ ಯಾರೋ ಒಬ್ಬಳು ಒಪ್ಪಿದಳು" ಎಂದು ನಕ್ಕು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗನ ಮುಂಡು, ಶರ್ಟುಗಳನ್ನು ಹರಿವಾಣದಲ್ಲಿಟ್ಟು ಹಿಂದಿನ ಸೀಟಿನಲ್ಲಿ ಇರಿಸಿದೆವು. ನಾದಿನಿ, ಉಳಿದ ನೆಂಟರೆಲ್ಲ ಹಿಂದೆ ವ್ಯಾನಿನಲ್ಲಿ. ನಾನು ಮುಂದಿನ ಸೀಟಿನಲ್ಲಿ ಗಂಡನ ಪಕ್ಕ. ಕಾರ್ಕಳದವರೆಗೂ ಎಂಜಿನ್ ಒಂದೇ ಸಮನೆ ಓಡಿತು. ದಾರಿಯಲ್ಲಿ ನಾನು ತಿರುಗಿ ತಿರುಗಿ ಹಿಂದೆ ನೋಡಿದೆ. ಯಾಕೆ ನೋಡಿದೆ ಎಂದು ಕೇಳಿದರೆ ವಿಜ್ಞಾನದ ಟೀಚರ್ ಹೇಳಲಾರಳು.

ಧಾರೆ ಚೆನ್ನಾಗಿ ನಡೆಯಿತು. ಸೀರೆಯನ್ನು ಮುಂಡಿನ ಎಡಗಡೆ ಇಟ್ಟರು, ಹೂ ಹಾಕಿದರು, ಅಕ್ಕಿಕಾಳು ಹಾಕಿದರು. ಹೆಂಗಸರು ತಮಾಷೆ ಮಾಡಿದರು, ಹುಡುಗನ ಕಡೆಯವರಿಗೆ ಉಪ್ಪಿನಕಾಯಿ ಬಡಿಸಲಿಲ್ಲವೆಂದು ನನ್ನ ನಾದಿನಿ ಸುಳ್ಳುಸುಳ್ಳೇ ಜಗಳ ತೆಗೆದಳು. ಊಟದ ಎಲೆಯಲ್ಲಿ ಎಲ್ಲವೂ ಇತ್ತು. ಹೊರಗಿನಿಂದ ಕೇಳಿದವರಿಗೆ ಯಾವುದೋ ಮಾಮೂಲಿ ಮದುವೆಮನೆ ಎಂದೇ ಅನ್ನಿಸಬೇಕು.

ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಮಳೆ ಹನಿಯತೊಡಗಿತು. ಹುಡುಗಿಯ ತಾಯಿ ಆ ಸೀರೆಯನ್ನು ಎರಡೂ ಕೈಗಳಲ್ಲಿ ಎತ್ತಿ ತಂದು, ಕಾರಿನ ಹಿಂದಿನ ಸೀಟಿನಲ್ಲಿ ಮುಂಡಿನ ಪಕ್ಕದಲ್ಲಿಟ್ಟು, ನೆರಿಗೆ ಸರಿ ಮಾಡಿದರು. ಅಷ್ಟು ಹೊತ್ತು ಎಲ್ಲರಿಗೂ ಬಡಿಸುತ್ತ ನಗುತ್ತ ಓಡಾಡಿದವರು ಅಲ್ಲಿಂದ ಕೈ ತೆಗೆಯಲೇ ಇಲ್ಲ. ಅವರ ಗಂಡ ಮೆಲ್ಲಗೆ ಭುಜ ಹಿಡಿದು ಹಿಂದೆ ಕರೆದರು. ಅವರು ಬಿಡಿಸಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು.

"ಅವಳಿಗೆ ಕಾರಿನಲ್ಲಿ ಕೂತರೆ ವಾಂತಿ ಬರ್ತಿತ್ತು ಅಕ್ಕ. ಕಿಟಕಿ ತೆಗೆದಿಟ್ಟರೆ ಬರ್ತಿರಲಿಲ್ಲ. ಆಗ ಸಣ್ಣವಳು. ಈಗ ಹೇಗೋ, ನನಗೆ ಗೊತ್ತಿಲ್ಲ."

ನಾನು ಇಳಿದು ಹಿಂದಿನ ಬಾಗಿಲಿನ ಗಾಜನ್ನು ಪೂರ್ತಿ ಕೆಳಗಿಳಿಸಿದೆ. "ಮೆಲ್ಲಗೆ ಹೋಗ್ತೇವೆ" ಎಂದು ನನ್ನ ಗಂಡ ಅವರಿಗೆ ಹೇಳಿದರು. ಪೇಟೆ ದಾಟುವಷ್ಟರಲ್ಲಿ ಆಟಿಯ ಮಳೆ ಜೋರಾಗಿ ಹಿಡಿಯಿತು. ನೀರು ಒಳಗೆ ಬಂದು ಸೀಟು ಒದ್ದೆಯಾಯಿತು, ಸೀರೆಯ ಸೆರಗು ಒದ್ದೆಯಾಯಿತು, ನನ್ನ ಬೆನ್ನಿಗೂ ಹೊಡೆಯಿತು. ನನ್ನ ಗಂಡ ಪ್ರತಿ ತಿರುವಿನಲ್ಲೂ ಕಾರನ್ನು ನಿಧಾನ ಮಾಡಿದರು. ಹಿಂದಿನ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಮುಂದೆ ಹೋದವು. ಗಾಜು ಏರಿಸಲಾ ಎಂದು ಅವರು ಕೇಳಲಿಲ್ಲ, ನಾನೂ ಏರಿಸಲಿಲ್ಲ.